ಬೋಡೆನ್‌ಸೀ ದಂಡೆಯಲ್ಲಿ ಫೋನು, ಕಾರ್ಡು ಮತ್ತು ಮೂರು ದುಡ್ಡು

ಕಾನ್‌ಸ್ಟಾಂಜ್ ಜರ್ಮನಿಯ ಊರು. ಪಕ್ಕದ ಕ್ರಾಯ್ಟ್ಸ್‌ಲಿಂಗೆನ್ ಸ್ವಿಟ್ಜರ್‌ಲೆಂಡಿನದು. ಪಕ್ಕ ಅಂದರೆ ಒಂದರ ಬೀದಿ ಮುಗಿಯುವಲ್ಲೇ ಇನ್ನೊಂದರ ಬೀದಿ ಶುರು. ಬೋಡೆನ್‌ಸೀ ಸರೋವರದ ದಂಡೆಯಲ್ಲಿ ಇವೆರಡರ ನಡುವೆ ಮೊದಲು ಬೇಲಿ ಇತ್ತು. 2006ರಲ್ಲಿ ಅದನ್ನು ಕಿತ್ತು ಹಾಕಿದರು. ಮರುವರ್ಷ ಅದೇ ಗೆರೆಯ ಮೇಲೆ ಯೋಹಾನ್ನೆಸ್ ಡ್ಯೋರ್ಫ್ಲಿಂಗರ್ ಎಂಬ ಕಲಾವಿದರ 22 ಶಿಲ್ಪಗಳನ್ನು ನಿಲ್ಲಿಸಿದರು. ಭವಿಷ್ಯ ಹೇಳಲು ಬಳಸುವ ಟ್ಯಾರೋ ಇಸ್ಪೀಟೆಲೆಗಳ ಹೆಸರಿನ ಎತ್ತರದ ಲೋಹದ ಆಕೃತಿಗಳು. ಶಿಲ್ಪಗಳು ನನಗೆ ಅಷ್ಟೇನೂ ಹಿಡಿಸಲಿಲ್ಲ. ಆದರೆ ಅವುಗಳ ನಡುವೆ ಮಕ್ಕಳು ಚೆಂಡು ಒದೆಯುತ್ತಾ ಎರಡು ದೇಶಗಳಲ್ಲಿ ಓಡಾಡುವುದನ್ನು ಎಷ್ಟು ಹೊತ್ತು ಬೇಕಾದರೂ ನೋಡುತ್ತಾ ಕೂರಬಹುದು. ನಾನು ಹೋದಾಗ ಪಾಸ್‌ಪೋರ್ಟ್ ಕೇಳುವವರಿರಲಿಲ್ಲ, ಗೇಟಿರಲಿಲ್ಲ.

ಗಡಿ ನೆನಪಿಟ್ಟುಕೊಂಡದ್ದು ಫೋನ್ ಒಂದೇ. ನಾನು ಇನ್ನೂ ಜರ್ಮನಿಯ ಕಡೆಯ ಬೆಂಚಿನ ಮೇಲೇ ಕೂತಿದ್ದೆ. ಟಣ್ ಅಂತ ಮೆಸೇಜ್ ಬಂತು: ಸ್ವಿಟ್ಜರ್‌ಲೆಂಡಿಗೆ ಸ್ವಾಗತ, ಇಲ್ಲಿನ ಡೇಟಾ ದರ ಇಷ್ಟು. ದರ ನೋಡಿ ಬೆಂಚು ಬದಲಾಯಿಸಿದೆ!

ಯುರೋಪಿಗೆ ಹೋಗುವವರೆಲ್ಲ ಒಂದು ಮಾತು ಕೇಳಿರುತ್ತಾರೆ, ಅಲ್ಲಿ ಒಂದು ಸಿಮ್ ತಗೊಂಡರೆ ಎಲ್ಲಾ ದೇಶಕ್ಕೂ ನಡೆಯುತ್ತೆ ಅಂತ. ಮುಕ್ಕಾಲು ಪಾಲು ನಿಜ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದ ದೇಶಗಳ ಒಳಗೆ ರೋಮಿಂಗ್‌ಗೆ ಬೇರೆ ದರ ಇಲ್ಲ. ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್ ಕೂಡ ಅದರಲ್ಲಿ ಸೇರಿವೆ. ಸ್ವಿಟ್ಜರ್‌ಲೆಂಡ್ ಸೇರಿಲ್ಲ. ಪುಟಾಣಿ ಲಿಕ್ಟನ್‌ಸ್ಟೈನ್ ಒಳಗೆ, ಪಕ್ಕದ ಸ್ವಿಟ್ಜರ್‌ಲೆಂಡ್ ಹೊರಗೆ. ಗಡಿ ದಾಟಲು ಬೇರೆ ವೀಸಾ ಬೇಡ ಅಂದ ಮಾತ್ರಕ್ಕೆ ರೋಮಿಂಗ್ ದರ ಇಲ್ಲ ಅಂತಲ್ಲ. ಯುರೋಪ್ ಅಂತ ದೊಡ್ಡದಾಗಿ ಬರೆದು ಮಾರುವ ಇ-ಸಿಮ್‌ಗಳಲ್ಲೂ ಕೆಲವದರಲ್ಲಿ ಸ್ವಿಸ್ ಇರುತ್ತೆ, ಕೆಲವದರಲ್ಲಿ ಇರುವುದಿಲ್ಲ. ದೇಶಗಳ ಪಟ್ಟಿ ಬಿಡಿಸಿ ಓದಿ. ಭೂಪಟದ ಚಿತ್ರ ನೋಡಿ ನಂಬಬೇಡಿ.

ಊರಿನ ಸಿಮ್ಮನ್ನೂ ಫೋನಿನಲ್ಲಿ ಇಟ್ಟುಕೊಂಡಿದ್ದೆ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ, ಬಿಡುವ ಹಾಗಿಲ್ಲ. ಅದರ ಡೇಟಾ ರೋಮಿಂಗ್ ಆಫ್. ಕಾಲ್ ಫಾರ್ವರ್ಡ್ ಕೂಡ ಆಫ್. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ವಿದೇಶದಲ್ಲಿ ನೀವು ಎತ್ತದ ಕರೆ ವಾಯ್ಸ್‌ಮೇಲ್‌ಗೆ ತಿರುಗಿ ಹೋದರೆ, ಇಲ್ಲಿಗೆ ಬಂದದ್ದಕ್ಕೊಂದು, ವಾಪಸ್ ಹೋದದ್ದಕ್ಕೊಂದು ಅಂತ ಎರಡು ಸಲ ಬಿಲ್ ಬೀಳಬಹುದು.

ಕಾನ್‌ಸ್ಟಾಂಜ್‌ನ ಹಳೇ ಪೇಟೆ, ಬಂದರು, ಚರ್ಚು ಎಲ್ಲಾ ಚೆನ್ನಾಗಿವೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನಗೆ ಇವತ್ತಿಗೂ ಮೈ ಉರಿಯುವುದು ಹೋಟೆಲಿನ ಕೌಂಟರ್ ನೆನಪಾದಾಗ.

ಬೆಳಿಗ್ಗೆ ರೂಮು ಬಿಡುವ ಹೊತ್ತು. ಕೌಂಟರಿನ ಹುಡುಗ ಕಾರ್ಡ್ ಮಷಿನ್ನನ್ನು ತನ್ನ ಕಡೆ ತಿರುಗಿಸಿಕೊಂಡು ಏನೋ ಒತ್ತಿದ. ಆಮೇಲೆ ನನ್ನ ಕಡೆ ತಳ್ಳಿ ಪಿನ್ ಒತ್ತಿಸಿಕೊಂಡ. ಚೀಟಿ ಹೊರಗೆ ಬಂತು. ಮೇಲೆ ಯೂರೋ ಮೊತ್ತ. ಕೆಳಗೆ ದಪ್ಪ ಅಕ್ಷರದಲ್ಲಿ ನಮ್ಮ ಊರಿನ ದುಡ್ಡಿನಲ್ಲಿ ಇನ್ನೊಂದು ಮೊತ್ತ, ಅವರೇ ಹಾಕಿಕೊಂಡ ವಿನಿಮಯ ದರ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಯಾವ ಕರೆನ್ಸಿಯಲ್ಲಿ ಕೊಡಬೇಕೆಂದು ನನಗೆ ಆಯ್ಕೆ ಕೊಟ್ಟಿದ್ದಾರೆ, ನಾನು ಇದನ್ನು ಒಪ್ಪಿದ್ದೇನೆ. ಯಾರು ಕೇಳಿದರು? ಯಾರು ಒಪ್ಪಿದರು? ಜಾಸ್ತಿ ದುಡ್ಡು ಕಿತ್ತಿದ್ದಕ್ಕಿಂತ ಆ ಸಾಲು ನನ್ನನ್ನು ಕೆರಳಿಸಿತು.

"ನಿಮಗೆ ಇದೇ ಸುಲಭ ಅಲ್ವಾ, ಎಷ್ಟಾಯಿತು ಅಂತ ಗೊತ್ತಾಗುತ್ತೆ" ಅಂದ ಹುಡುಗ. ಕ್ಯಾನ್ಸಲ್ ಮಾಡಿ ಯೂರೋದಲ್ಲಿ ಹಾಕಿ ಅಂದೆ. ಆಗಲ್ಲ ಅಂದ. ನಾನು ಬ್ಯಾಗು ನೆಲಕ್ಕಿಟ್ಟು ಅಲ್ಲೇ ನಿಂತೆ. ಹಿಂದೆ ನಾಲ್ಕು ಜನ ಸೇರಿದ ಮೇಲೆ ಮ್ಯಾನೇಜರ್ ಬಂದರು, ಅರ್ಧ ನಿಮಿಷದಲ್ಲಿ ಆಯಿತು. ಇಂಥದ್ದು ಆದರೆ ಕೌಂಟರ್ ಬಿಡುವ ಮೊದಲೇ ರದ್ದು ಮಾಡಿಸಿ. ವೀಸಾ, ಮಾಸ್ಟರ್‌ಕಾರ್ಡ್ ಎರಡರ ನಿಯಮದಲ್ಲೂ ಆಯ್ಕೆ ಕಾರ್ಡ್ ಇರುವವರದ್ದು, ಅಂಗಡಿಯವರದ್ದಲ್ಲ. ನಾಲ್ಕು ದಿನ ಬಿಟ್ಟು ರಿಫಂಡ್ ಅಂತ ಹೋದರೆ ಅದು ಆ ದಿನದ ದರದಲ್ಲಿ ವಾಪಸ್ ಬರುತ್ತೆ, ಅಲ್ಲೂ ಸ್ವಲ್ಪ ದುಡ್ಡು ಹೋಗಬಹುದು.

ಅದೇ ಸಿಟ್ಟಿನಲ್ಲಿ ದೋಣಿ ಹತ್ತಿದೆ. ಕಾನ್‌ಸ್ಟಾಂಜ್‌ನಿಂದ ಶಾಫ್‌ಹೌಸನ್‌ವರೆಗೆ ರೈನ್ ನದಿಯ ಗುಂಟ ಹೋಗುವ ಪ್ರಯಾಣಿಕರ ದೋಣಿ ಇದು. ಒಮ್ಮೆ ಜರ್ಮನ್ ದಂಡೆ, ಒಮ್ಮೆ ಸ್ವಿಸ್ ದಂಡೆ ಅಂತ ಮುಟ್ಟುತ್ತಾ ಹೋಗುತ್ತದೆ. ಗಾಟ್‌ಲೀಬೆನ್ ಸ್ವಿಸ್, ರೈಶೆನೌ ಜರ್ಮನಿ, ಸ್ಟೆಕ್‌ಬಾರ್ನ್ ಮತ್ತೆ ಸ್ವಿಸ್. ಫೋನಿಗೆ ತಲೆ ಕೆಡದೆ ಇರುತ್ತಾ?

ಎದುರು ಸೀಟಿನಲ್ಲಿ ಕಾನ್‌ಸ್ಟಾಂಜ್‌ನವರೇ ಆದ ಒಬ್ಬ ಅಜ್ಜಿ ಕೂತಿದ್ದರು. ನಾನು ಚೀಟಿ ಹಿಡಿದು ಗೊಣಗುವುದನ್ನು ನೋಡಿ, ಕೊಡಿ ಇಲ್ಲಿ ಅಂತ ಕೈ ಚಾಚಿದರು. ಕನ್ನಡಕ ಏರಿಸಿ ಓದಿ, ನನ್ನ ಕಥೆ ಕೇಳಿ ನಕ್ಕರು. ಗಡಿ ಹತ್ತಿರದ ಬಟ್ಟೆ ಅಂಗಡಿಯಲ್ಲಿ ಕ್ಯಾಷ್ ಕೌಂಟರ್ ನೋಡಿಕೊಳ್ಳುತ್ತಿದ್ದರಂತೆ, ಈಗ ನಿವೃತ್ತಿ. ಸ್ವಿಸ್ ಗಿರಾಕಿಗಳೇ ಜಾಸ್ತಿ. ಜರ್ಮನಿಯ ತೆರಿಗೆ ವಾಪಸ್ ಪಡೆಯಲು ಅವರು ತರುವ ಹಸಿರು ಚೀಟಿಗಳನ್ನು ನಿಭಾಯಿಸಿ ನಿಭಾಯಿಸಿ ಕೈ ಸೋತಿತ್ತು ಅಂದರು.

"ಈ ಮಷಿನ್ ನಮ್ಮ ಅಂಗಡಿಗೂ ಬಂತು" ಅಂದರು. "ಕಾರ್ಡಿನ ಮೊದಲ ಕೆಲವು ಅಂಕಿಯಲ್ಲೇ ಅದು ಯಾವ ದೇಶದ ಬ್ಯಾಂಕು ಅಂತ ಇರುತ್ತೆ. ಮಷಿನ್ ಅದನ್ನು ಓದಿ, ನಿಮ್ಮ ದುಡ್ಡಿನಲ್ಲೇ ಕೊಡ್ತೀರಾ ಅಂತ ಕೇಳುತ್ತೆ."

"ಅಂಗಡಿಗೆ ಏನು ಲಾಭ?"

"ದರದಲ್ಲಿ ಮಷಿನ್ ಕಂಪನಿಯವರು ಸೇರಿಸಿಕೊಳ್ಳುತ್ತಾರಲ್ಲ, ಅದರಲ್ಲಿ ಅಂಗಡಿಗೂ ಪಾಲು. ಅದಕ್ಕೇ ನಿಮ್ಮ ಹೋಟೆಲಿನ ಹುಡುಗ ಮಷಿನ್ ತನ್ನ ಕಡೆ ತಿರುಗಿಸಿಕೊಂಡದ್ದು."

"ಜನ ಬೇಡ ಅನ್ನಲ್ವಾ?"

"ಫ್ರಾಂಕ್ ಅಂತ ಕಂಡ ಕೂಡಲೇ ಸ್ವಿಸ್‌ನವರಿಗೆ ನೆಮ್ಮದಿ. ಗೊತ್ತಿರುವ ದುಡ್ಡು ತಾನೇ? ಒತ್ತಿಬಿಡುತ್ತಿದ್ದರು. ಬಟ್ಟೆಯ ಬೆಲೆಗೆ ಚೌಕಾಸಿ ಮಾಡಿದವರೇ ಇಲ್ಲಿ ಕಣ್ಣು ಮುಚ್ಚಿ ಒತ್ತುತ್ತಿದ್ದರು."

ಅವರು ಕಲಿಸಿದ ಉಪಾಯ ಸರಳ. ಕಾರ್ಡು ಕೈಗೆ ಕೊಡುವ ಮೊದಲೇ ಆ ದೇಶದ ದುಡ್ಡಿನ ಹೆಸರು ಗಟ್ಟಿಯಾಗಿ ಹೇಳಬೇಕು. ಯೂರೋ! ಅಂತ ಅವರು ಹೇಳಿ ತೋರಿಸಿದ ರಭಸಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದರು.

ಆಮೇಲೆ ತಮ್ಮ ಫೋನ್ ತೋರಿಸಿದರು. ನೆಟ್‌ವರ್ಕನ್ನು ತಾನಾಗಿ ಹುಡುಕುವ ಆಯ್ಕೆ ಆಫ್. ತಮ್ಮ ಜರ್ಮನ್ ಕಂಪನಿಯ ಹೆಸರನ್ನು ಕೈಯಾರೆ ಆರಿಸಿಟ್ಟಿದ್ದರು. ನಡುನೀರಿನಲ್ಲಿ ಸಿಗ್ನಲ್ ಹೋದರೆ ಹೋಗಲಿ, ಸ್ವಿಸ್ ಟವರಿಗೆ ಮಾತ್ರ ಜಿಗಿಯಬಾರದು. ಬರೀ ಡೇಟಾ ರೋಮಿಂಗ್ ಆಫ್ ಮಾಡಿದರೆ ಇಂಟರ್ನೆಟ್ ನಿಲ್ಲುತ್ತೆ, ಕರೆ ಸ್ವಿಸ್ ಟವರಿನಿಂದಲೇ ಬರುತ್ತೆ, ಬಿಲ್ಲೂ ಬರುತ್ತೆ ಅಂತ ಎಚ್ಚರಿಸಿದರು. ಬೋಡೆನ್‌ಸೀಯ ದೊಡ್ಡ ಭಾಗದಲ್ಲಿ ಗಡಿ ಎಲ್ಲಿ ಅಂತ ದಂಡೆಯ ಮೂರು ದೇಶಗಳೂ (ಜರ್ಮನಿ, ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾ) ಇವತ್ತಿನವರೆಗೆ ಒಪ್ಪಂದ ಮಾಡಿಕೊಂಡಿಲ್ಲ ಅನ್ನುವುದನ್ನೂ ಅವರೇ ಹೇಳಿದ್ದು. "ಸರ್ಕಾರಗಳಿಗೆ ಗೊತ್ತಿಲ್ಲ, ಟೆಲಿಫೋನ್ ಕಂಪನಿಗೆ ಗೊತ್ತು" ಅಂದು ಇಳಿದು ಹೋದರು.

ಸ್ವಿಸ್ ದಂಡೆಯ ಸ್ಟೈನ್ ಆಮ್ ರೈನ್ ಊರಿನಲ್ಲಿ ಇಳಿದು ಎಟಿಎಂ ಹುಡುಕಿದೆ. ಊರಿನ ಮನೆಗಳ ಗೋಡೆಯ ತುಂಬಾ ಚಿತ್ರ ಬರೆದಿದ್ದಾರೆ, ಸೊಗಸಾಗಿವೆ. ಎಟಿಎಂ ಪರದೆ ಅದಕ್ಕಿಂತ ಚತುರ. ಮೊದಲು ಫ್ರಾಂಕ್ ಬೇಕೋ ಯೂರೋ ಬೇಕೋ ಅಂತ ಕೇಳಿತು. ಬಹಳಷ್ಟು ಸ್ವಿಸ್ ಎಟಿಎಂಗಳು ಎರಡನ್ನೂ ಕೊಡುತ್ತವೆ. ಆಮೇಲೆ ಬಂತು ಆ ಪ್ರಶ್ನೆ. ಊರಿನ ದುಡ್ಡಿನ ಮೊತ್ತ, ಖಚಿತ ದರ ಅನ್ನುವ ಭರವಸೆ, ದೊಡ್ಡ ಹಸಿರು ಬಟನ್. ಮೂಲೆಯಲ್ಲಿ ಬಣ್ಣಗೆಟ್ಟ ಇನ್ನೊಂದು ಬಟನ್: ಪರಿವರ್ತನೆ ನಿರಾಕರಿಸಿ. ಅದನ್ನು ಒತ್ತಿದರೆ ದುಡ್ಡೇ ಬರುವುದಿಲ್ಲವೇನೋ ಅನ್ನಿಸುವ ಹಾಗೆ ಬರೆದಿರುತ್ತಾರೆ. ಬರುತ್ತೆ. ಒತ್ತಿದೆ, ನೋಟು ಬಂತು. ಎಟಿಎಂನಲ್ಲಿ ಡೆಬಿಟ್ ಕಾರ್ಡೇ ಬಳಸಿ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಸಾಮಾನ್ಯವಾಗಿ ಆ ದಿನದಿಂದಲೇ ಬಡ್ಡಿ ಶುರು. ಪ್ರತಿ ಸಲಕ್ಕೂ ಇಷ್ಟು ಅಂತ ಬ್ಯಾಂಕ್ ಶುಲ್ಕ ಇದ್ದರೆ, ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಒಂದೇ ಸಲ ತೆಗೆಯುವುದು ಮೇಲು. ಊರಿನ ಬ್ಯಾಂಕು ವಿದೇಶಿ ವ್ಯವಹಾರಕ್ಕೆ ಹಾಕುವ ಶುಲ್ಕದಿಂದ ಮಾತ್ರ ಇಲ್ಲಿ ನಿಂತು ತಪ್ಪಿಸಿಕೊಳ್ಳಲಾಗದು. ಆ ಶುಲ್ಕ ಇಲ್ಲದ ಕಾರ್ಡು ಹೊರಡುವ ಮೊದಲೇ ಮಾಡಿಸಿಕೊಳ್ಳಬೇಕು.

ಮುಂದಿನ ದೋಣಿಯಲ್ಲಿ ಬ್ಯೂಸಿಂಗೆನ್‌ನಲ್ಲಿ ಇಳಿದೆ. ನಕಾಶೆಯಲ್ಲಿ ನೋಡಿದಾಗಿನಿಂದ ಈ ಊರು ತಲೆಯಲ್ಲಿ ಕೂತಿತ್ತು. ಇದು ಜರ್ಮನಿಯದ್ದೇ, ಆದರೆ ಸುತ್ತಲೂ ಸ್ವಿಟ್ಜರ್‌ಲೆಂಡ್. ಮೊದಲ ಮಹಾಯುದ್ಧ ಮುಗಿದಾಗ ಮತ ಹಾಕಿ ಕೇಳಿದರೆ 96% ಜನ ಸ್ವಿಟ್ಜರ್‌ಲೆಂಡಿಗೆ ಸೇರುತ್ತೇವೆ ಅಂದರಂತೆ. ಸೇರಿಸಲಿಲ್ಲ. 1967ರಿಂದ ಜಾರಿಯಲ್ಲಿರುವ ಒಪ್ಪಂದದಂತೆ ಸುಂಕದ ಲೆಕ್ಕಕ್ಕೆ ಈ ಊರು ಸ್ವಿಸ್ ಕಡೆ. ಪಿನ್‌ಕೋಡ್ ಎರಡು: ಜರ್ಮನಿಯಿಂದ ಬರೆಯುವವರಿಗೆ 78266, ಸ್ವಿಟ್ಜರ್‌ಲೆಂಡಿನಿಂದ ಬರೆಯುವವರಿಗೆ 8238. ಫೋನ್ ನಂಬರ್ +49ರಲ್ಲೂ ಇದೆ, +41ರಲ್ಲೂ ಇದೆ. ನನ್ನ ಫೋನ್ ದೋಣಿಯಿಳಿಯುವ ಹಲಗೆಯ ಮೇಲೇ ಸ್ವಿಸ್ ಅಂತು, ಮೇಲಿನ ಬೀದಿಯಲ್ಲಿ ಜರ್ಮನಿ ಅಂತು. ಫ್ಲೈಟ್ ಮೋಡ್‌ಗೆ ಹಾಕಿ ಜೇಬಿಗಿಟ್ಟೆ. ನಕಾಶೆ ಮೊದಲೇ ಡೌನ್‌ಲೋಡ್ ಮಾಡಿಕೊಂಡಿದ್ದೆ, ಜಿಪಿಎಸ್‌ಗೆ ನೆಟ್ ಬೇಕಿಲ್ಲ.

ನದಿ ದಂಡೆಯಲ್ಲಿ ಕಾಫಿ ಕುಡಿದೆ. ಜರ್ಮನಿಯ ನೆಲ, ಮೆನು ಫ್ರಾಂಕಿನಲ್ಲಿ. ಯೂರೋ ನೋಟು ಕೊಟ್ಟರೂ ತಗೋತಾರೆ, ಆದರೆ ದರ ಅವರದ್ದು, ಚಿಲ್ಲರೆ ಫ್ರಾಂಕಿನಲ್ಲಿ. ಕಾರ್ಡ್ ಮುಂದೆ ಚಾಚುತ್ತಾ ಫ್ರಾಂಕ್! ಅಂದೆ, ಅಜ್ಜಿಯಷ್ಟಲ್ಲದಿದ್ದರೂ ಸಾಕಷ್ಟು ಜೋರಾಗಿಯೇ. ಕಾಫಿ ಕೊಡುತ್ತಿದ್ದ ಹೆಂಗಸು ಮಷಿನ್ನನ್ನು ನನ್ನ ಕಡೆಗೇ ತಿರುಗಿಸಿದರು. "ಫ್ರಾಂಕೋ, ಯೂರೋನೋ, ನಿಮ್ಮೂರ ದುಡ್ಡೋ ಅಂತ ಮೂರು ಕೇಳುತ್ತೆ ನೋಡಿ, ಬೇಕಾದ್ದು ಒತ್ತಿ."

ಅಲ್ಲಿಂದ ಶಾಫ್‌ಹೌಸನ್‌ಗೆ ನದಿಯ ಪಕ್ಕ ನಡೆದೇ ಹೋಗಬಹುದು. ರೈನ್ ಜಲಪಾತವನ್ನೂ ನೋಡಿದೆ. 150 ಮೀಟರ್ ಅಗಲ, 23 ಮೀಟರ್ ಎತ್ತರ, ವಿಪರೀತ ಜನ. ಸಮಯ ಕಡಿಮೆ ಇದ್ದರೆ ಜಲಪಾತ ಬಿಡಿ, ಬ್ಯೂಸಿಂಗೆನ್‌ನಲ್ಲಿ ಇಳಿಯಿರಿ.