ಆಮೆ ಪಟ್ಟಿ: ಮಳೆಗಾಲದ ಲೆಕ್ಕ ಮತ್ತು ಬಾವಿಯ ತಕರಾರು

ತೀರ್ಥಹಳ್ಳಿ ಸುತ್ತಮುತ್ತ ಆಮೆ ಎಲ್ಲೆಲ್ಲಿ ಕಾಣುತ್ತೆ ಅಂತ ಪಟ್ಟಿ ಮಾಡುವ ಕೆಲಸ ಮಳೆ ಹಿಡಿದ ಮೇಲೆ ಚುರುಕಾಗಿದೆ. ಬೇಸಿಗೆಯಲ್ಲಿ ಪುಟ ಹೆಚ್ಚುಕಮ್ಮಿ ಖಾಲಿಯೇ ಇತ್ತು.

ಜಾಸ್ತಿ ಸಿಗುತ್ತಿರುವುದು ಕರಿ ಆಮೆ. ಅಡಿಕೆ ತೋಟದ ಬಸಿಗಾಲುವೆಯಲ್ಲಿ ಸೋಗೆ ಬಿದ್ದು ನೀರು ನಿಂತಿರುತ್ತಲ್ಲ, ಅಲ್ಲಿ. ಹೋದ ವಾರ ಒಂದು ಅಲುಗಾಡದೆ ನೋಡಲು ಬಿಟ್ಟಿತು. ಬೆನ್ನ ಮೇಲೆ ಉದ್ದಕ್ಕೆ ಮೂರು ಏಣು. ಬಲಗಡೆ ಅಂಚಿನ ಚಿಪ್ಪು ಯಾವಾಗಲೋ ಮುರಿದು, ಈಗ ನುಣುಪಾಗಿ ಮಾಗಿದೆ. ನನಗೆ ಬೇಕಾದದ್ದು ಇಂಥ ಗುರುತೇ. ಮತ್ತೆ ಸಿಕ್ಕರೆ ಎರಡು ಫೋಟೋ ಪಕ್ಕಪಕ್ಕ ಇಟ್ಟು ಇದು ಅದೇ ಅಂತ ಹೇಳಬಹುದು. ಚಿಪ್ಪಿಗೆ ಬಣ್ಣ ಬಳಿಯುವುದು, ಕಚ್ಚು ಹಾಕುವುದು ಎಲ್ಲ ನಮ್ಮಂಥವರ ಕೆಲಸ ಅಲ್ಲ.

ಗದ್ದೆ ಕಡೆ ಸಿಗುವುದು ಬೇರೆ. ಮೆತ್ತನೆ ಚಿಪ್ಪು, ಚೂಪು ಮೂತಿ. ಹಿಂಗಾಲು ಒಳಗೆಳೆದುಕೊಂಡರೆ ಹೊಟ್ಟೆ ಕಡೆಯ ಎರಡು ಮುಚ್ಚಳ ಬಂದು ಕಾಲನ್ನು ಮುಚ್ಚುತ್ತವೆ. ಕತ್ತು ಉದ್ದ, ಕಚ್ಚುತ್ತೆ ಕೂಡ.

ಈಗ ಬಾವಿ ವಿಷಯ. ನೀರು ಚೊಕ್ಕ ಇರುತ್ತೆ ಅಂತ ಬಾವಿಗೆ ಆಮೆ ಬಿಡುವುದು ನಮ್ಮ ಕಡೆ ಹಳೇ ರೂಢಿ. ಒಬ್ಬರ ಮನೆಯಲ್ಲಿ ಕೇಳಿದರೆ, "ಅದು ನಮ್ಮ ಮಾವ ಬಿಟ್ಟಿದ್ದು ಮಾರಾಯಾ, ನಾನು ಮದುವೆಯಾಗಿ ಬಂದಾಗ್ಲೇ ಇತ್ತು" ಅಂದರು ಆ ಮನೆಯ ಅಮ್ಮ. ಕೊಡಪಾನ ಇಳಿಸಿದ ಸದ್ದಿಗೆ ಅದು ಮೇಲೆ ಬಂದು ಮೂಗು ತೋರಿಸಿತು. ನೋಡಲು ಚೆಂದವೇ. ಆದರೆ ಆಮೆ ಮೊಟ್ಟೆ ಇಡುವುದು ಮಣ್ಣಿನಲ್ಲಿ, ಗುಂಡಿ ತೋಡಿ. ಸುತ್ತ ಕಲ್ಲು ಕಟ್ಟಿದ ಬಾವಿಯಲ್ಲಿ ಮಣ್ಣೆಲ್ಲಿ? ಎಷ್ಟು ವರ್ಷ ಬದುಕಿದರೂ ಅದರ ಸಂತಾನ ಅಲ್ಲಿಗೇ ನಿಂತ ಹಾಗೆ. ಹಾಗಾಗಿ ಬಾವಿ ಆಮೆಗಳನ್ನು ಕಾಡಿನ ಲೆಕ್ಕಕ್ಕೆ ಸೇರಿಸಿಲ್ಲ, ಬೇರೆ ಪುಟ ಮಾಡಿದ್ದೇನೆ. ಸ್ನೇಹಿತರೊಬ್ಬರು ಒಪ್ಪುವುದಿಲ್ಲ, ಅದೂ ಆಮೆಯೇ ತಾನೆ ಅನ್ನುತ್ತಾರೆ. ಆಮೆಯೇ, ಆದರೆ ಯಾವ ಹಳ್ಳದ್ದು?

ಶಿವಮೊಗ್ಗದ ಪಾರ್ಕೊಂದರ ಕೊಳದಲ್ಲಿ ಕಂಡದ್ದು ಕಿವಿ ಹತ್ತಿರ ಕೆಂಪು ಪಟ್ಟೆಯ ಆಮೆ. ಅಮೆರಿಕದ ಮೂಲದ್ದು, ಅಕ್ವೇರಿಯಂ ಅಂಗಡಿಯಲ್ಲಿ ಪುಟ್ಟದಾಗಿ ಸಿಗುತ್ತೆ. ದೊಡ್ಡದಾದ ಮೇಲೆ ಸಾಕಲಾಗದೆ ತಂದು ಬಿಡುತ್ತಾರೆ. ದಯವಿಟ್ಟು ಬೇಡ, ಊರಿನ ಆಮೆಗಳ ಊಟಕ್ಕೂ ಜಾಗಕ್ಕೂ ಅದು ಪೈಪೋಟಿ.

ಘಟ್ಟದ ರಸ್ತೆಯಲ್ಲಿ ಉಬ್ಬು ಬೆನ್ನಿನ ಕಾಡಾಮೆ ಸಿಕ್ಕರೆ ಕೆರೆಗೆ ಬಿಡಬೇಡಿ. ಅದು ನೆಲದ ಪ್ರಾಣಿ, ಆಳ ನೀರಲ್ಲಿ ಮುಳುಗಿಬಿಡಬಹುದು. ಯಾವ ಕಡೆ ಮುಖ ಮಾಡಿತ್ತೋ ಆ ಕಡೆಯ ರಸ್ತೆ ಅಂಚಿಗೆ ದಾಟಿಸಿದರೆ ಸಾಕು. ಮನೆಗೆ ತಂದರೆ 1972ರ ವನ್ಯಜೀವಿ ಕಾಯ್ದೆ ಇದೆ.

ಪಟ್ಟಿಯಲ್ಲಿ ಇನ್ನೂ ಖಾಲಿ ಇರುವುದು ಬೆತ್ತದಾಮೆ. ಅಂಗೈಯಗಲದ್ದು, ಒಣಗಿದ ತರಗೆಲೆಯ ನಡುವೆ ಇರುತ್ತೆ. 1912ರಲ್ಲಿ ಹೆಸರಿಟ್ಟ ಮೇಲೆ ಸುಮಾರು 70 ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 1982ರಲ್ಲಿ ಆಮೆಗಳ ಸಂಶೋಧಕಿ ಜೆ. ವಿಜಯ ಕೇರಳದ ಕಾಡಲ್ಲಿ ಮತ್ತೆ ಹುಡುಕಿದರು. ಈಗ ಅದರ ಕುಲದ ಹೆಸರೇ ಅವರ ನೆನಪಿಗೆ ವಿಜಯಕೆಲಿಸ್. ಸಿಕ್ಕರೂ ಜಾಗ ಮಾತ್ರ ಬರೆಯಲ್ಲ, ಕದ್ದು ಮಾರುವವರೂ ಓದುತ್ತಾರೆ.

ಮಳೆ ಇಳಿದ ಮೇಲೆ ತುಂಗೆ ದಂಡೆ. ಅಲ್ಲಿನ ಮತ್ಸ್ಯಧಾಮ ಚಿಬ್ಬಲಗುಡ್ಡೆಯಲ್ಲಿ ಮೀನು ಹಿಡಿಯಲು ಬಿಡುವುದಿಲ್ಲವಲ್ಲ, ಮೊದಲು ಅಲ್ಲಿಂದಲೇ ಶುರು.