ಬೆಳಿಗ್ಗೆ ತಿಂದದ್ದು ರಾತ್ರಿ ವಾಂತಿಯಲ್ಲಿ ಬಂದರೆ

"ಡಾಕ್ಟ್ರೇ, ನಾಯಿ ಪದೇ ಪದೇ ವಾಂತಿ ಮಾಡ್ತಿದೆ. ನಿಲ್ಲೋಕೆ ಒಂದು ಇಂಜೆಕ್ಷನ್ ಕೊಟ್ಟರೆ ಸಾಕಲ್ವಾ?" ಬೆಂಗಳೂರಿನಲ್ಲಿ ನಾಯಿ ಸಾಕಿದವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಊಟ ಹಾಕಿದ್ದು ಎಷ್ಟೊತ್ತಿಗೆ, ವಾಂತಿ ಆಗಿದ್ದು ಎಷ್ಟೊತ್ತಿಗೆ ಅಂತ ನಾನು ತಿರುಗಿ ಕೇಳುತ್ತೇನೆ.

ನಾಯಿಯ ಜಠರ ಸಾಮಾನ್ಯವಾಗಿ 8–10 ಗಂಟೆಯಲ್ಲಿ ಖಾಲಿಯಾಗುತ್ತದೆ. ಬೆಳಿಗ್ಗೆ 8ಕ್ಕೆ ತಿಂದ ಅನ್ನ, ಚಿಕನ್ ರಾತ್ರಿ 10ಕ್ಕೆ ಹಾಗೇ ಹೊರಗೆ ಬಂದರೆ, ಜಠರದಿಂದ ಕರುಳಿಗೆ ಹೋಗುವ ದಾರಿ ಕಟ್ಟಿದೆಯೇನೋ ಎಂದು ಅನುಮಾನ. ಆ ದಾರಿಯ ಹೆಸರು ಪೈಲೋರಸ್. ಪಿತ್ತ ಬೀಳುವುದು ಅದರಾಚೆ. ಹಾಗಾಗಿ ಇಂಥ ವಾಂತಿಯಲ್ಲಿ ಹಳದಿ ಬಣ್ಣ ಕಾಣುವುದು ಕಡಿಮೆ.

ಬುಲ್‌ಡಾಗ್, ಬಾಕ್ಸರ್ ಮರಿಗಳಲ್ಲಿ ಈ ದಾರಿ ಹುಟ್ಟಿನಿಂದಲೇ ಕಿರಿದಾಗಿರಬಹುದು. ನಮ್ಮ ಅಪಾರ್ಟ್‌ಮೆಂಟುಗಳ ತುಂಬ ಇರುವ ಶಿಹ್ ಟ್ಸು, ಲಾಸಾಗಳಲ್ಲಿ ನಡುವಯಸ್ಸು ದಾಟಿದ ಮೇಲೆ ಒಳಪದರ ದಪ್ಪವಾಗುವುದುಂಟು. ಮುದಿ ನಾಯಿಯಾದರೆ ಗೆಡ್ಡೆಯನ್ನೂ ನೆನಪಿಡಬೇಕು. ಇನ್ನು ನುಂಗಿದ ವಸ್ತುಗಳು: ಮಾವಿನ ಓಟೆ, ಮುಸುಕಿನ ಜೋಳದ ದಿಂಡು, ಸಾಕ್ಸು. ಓಟೆ ಬಲು ತರಲೆ. ಬಿರಡೆ ಹಾಕಿದ ಹಾಗೆ ದಾರಿಗೆ ಕೂರುತ್ತದೆ, ಆಮೇಲೆ ಸರಿದು ಜಠರದೊಳಗೇ ತೇಲಾಡುತ್ತದೆ. ನಾಯಿ ಎರಡು ದಿನ ಚೆನ್ನಾಗಿರುತ್ತದೆ, ಮನೆಯವರು ಮರೆತುಬಿಡುತ್ತಾರೆ, ಮತ್ತೆ ವಾಂತಿ.

ಎಕ್ಸ್‌ರೇಯಲ್ಲಿ ಓಟೆ, ಬಟ್ಟೆ ಸರಿಯಾಗಿ ಕಾಣದೆ ಹೋಗಬಹುದು. ಆದರೆ 12 ಗಂಟೆ ಉಪವಾಸ ಇದ್ದರೂ ಜಠರ ತುಂಬಿಯೇ ಇದ್ದರೆ ಅದೇ ದೊಡ್ಡ ಸುಳಿವು. ಮುಂದೆ ಸ್ಕ್ಯಾನಿಂಗ್, ಬೇರಿಯಂ ಎಂಬ ಬಿಳಿ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇ, ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡುವ ಎಂಡೋಸ್ಕೋಪಿ.

ಈಗ ಇಂಜೆಕ್ಷನ್ ವಿಷಯ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಜಠರವನ್ನು ಹಿಂಡಿ ಆಹಾರವನ್ನು ಮುಂದೆ ತಳ್ಳುವ ಔಷಧ. ದಾರಿ ಕಟ್ಟಿರುವಾಗ ಅದನ್ನು ಕೊಡಲೇಬಾರದು. ಬೇರೆ ಔಷಧಗಳು ವಾಂತಿ ನಿಲ್ಲಿಸಿಯಾವು, ತಡೆ ಮಾತ್ರ ಒಳಗೇ ಉಳಿಯುತ್ತದೆ. ಮೊದಲು ರಕ್ತಪರೀಕ್ಷೆ ಆಗಬೇಕು. ವಾಂತಿಯ ಜೊತೆ ಆಮ್ಲ, ಕ್ಲೋರೈಡ್, ಪೊಟ್ಯಾಸಿಯಂ ಹೋಗಿರುತ್ತವೆ. ಅದಕ್ಕೇ ನಾರ್ಮಲ್ ಸಲೈನ್‌ಗೆ ಅಳತೆ ನೋಡಿ ಪೊಟ್ಯಾಸಿಯಂ ಸೇರಿಸಿ ಡ್ರಿಪ್ ಹಾಕುತ್ತೇವೆ. ನಾಯಿ ಸ್ವಲ್ಪ ಚೇತರಿಸಿಕೊಂಡ ಮೇಲೆ ನುಂಗಿದ್ದನ್ನು ಎಂಡೋಸ್ಕೋಪ್‌ನಿಂದಲೋ ಆಪರೇಷನ್ ಮಾಡಿಯೋ ತೆಗೆಯುವುದು. ದಾರಿಯೇ ಕಿರಿದಾಗಿದ್ದರೆ ಕೊಯ್ದು ಅಗಲ ಮಾಡಿ ಹೊಲಿಯುತ್ತಾರೆ. ಗೆಡ್ಡೆಯಲ್ಲದಿದ್ದರೆ ಹೆಚ್ಚಿನ ನಾಯಿಗಳು ಚೆನ್ನಾಗಿ ಸುಧಾರಿಸುತ್ತವೆ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗಾಗಲಿ, ಮನೆ ಹತ್ತಿರದ ಕ್ಲಿನಿಕ್‌ಗಾಗಲಿ ಹೋಗುವಾಗ ವಾಂತಿಯ ವಿಡಿಯೋ ಫೋನಿನಲ್ಲಿರಲಿ. ಹೊಟ್ಟೆ ಹಿಂಡಿ ಬಂತೋ, ಸುಮ್ನೆ ಬಾಯಿಂದ ಜಾರಿತೋ ನೋಡಬೇಕು. ಜಾರಿದ್ದಾದರೆ ತೊಂದರೆ ಅನ್ನನಾಳದ್ದು. ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಬರದಿದ್ದರೆ ಮಾತ್ರ ವಿಡಿಯೋ ಗಿಡಿಯೋ ಬೇಡ. ನಡುರಾತ್ರಿಯಾದರೂ ಆಗಲೇ ಹೊರಡಿ, ಜಠರ ತಿರುಚಿಕೊಂಡಿರಬಹುದು.