ಕುನ್ಹಾ ಅವರನ್ನು ಹುಡುಕಿ ಶಿವಡಿಗೆ

ಚೌತಿಗೆ ಮುಂಬಯಿಯಿಂದ ಕುಮಟೆಗೆ ಹೊರಟರೆ ಮತ್ಸ್ಯಗಂಧಾ ರೈಲು ನಡುರಾತ್ರಿ ಕಳೆದ ಮೇಲೆ ಮಡಗಾಂವ್ ತಲುಪುತ್ತದೆ. ಮೊದಲೆಲ್ಲ ನಿದ್ದೆಯಲ್ಲೇ ದಾಟಿ ಹೋಗುತ್ತಿತ್ತು. ಈಗ ಎದ್ದು ಕಿಟಕಿ ಹತ್ತಿರ ಕೂರುತ್ತೇನೆ. ಅಲ್ಲಿಂದ ಹತ್ತು-ಹನ್ನೆರಡು ಕಿಲೋಮೀಟರ್ ಆಚೆ ಚಾಂದೋರ್. ಗೋವಾವನ್ನು ಪೋರ್ಚುಗೀಸರಿಂದ ಬಿಡಿಸಲು ಹೋರಾಡಿದ ಟಿ.ಬಿ. ಕುನ್ಹಾ ಅವರ ಊರು.

ಪ್ಯಾರಿಸ್‌ನಲ್ಲಿ ಇಂಜಿನಿಯರಿಂಗ್ ಓದಿದವರು ಅವರು. 1928ರಲ್ಲಿ ಗೋವಾ ಕಾಂಗ್ರೆಸ್ ಕಮಿಟಿ ಕಟ್ಟಿದರು. 1946ರಲ್ಲಿ ಪೋರ್ಚುಗೀಸರು ಹಿಡಿದು ಅಗ್ವಾದ ಕೋಟೆಯ ಕತ್ತಲೆ ಕೋಣೆಗೆ ತಳ್ಳಿದರು. ಮಿಲಿಟರಿ ಕೋರ್ಟು ಎಂಟು ವರ್ಷ ಶಿಕ್ಷೆ ಕೊಟ್ಟಿತು. ಪೋರ್ಚುಗಲ್ಲಿನ ಪೆನಿಶ್ ಕೋಟೆಗೆ ಸಾಗಿಸಿದರು. ಜೈಲಿನಿಂದ ಹೊರಬಂದ ಮೇಲೂ ಆ ದೇಶ ಬಿಟ್ಟು ಹೋಗಲು ಬಿಡಲಿಲ್ಲ. 1953ರಲ್ಲಿ ಕಣ್ತಪ್ಪಿಸಿ ಪ್ಯಾರಿಸ್ ಸೇರಿದರು. ಅಲ್ಲಿಂದ ಬಂದದ್ದು ನಮ್ಮ ಈ ಮುಂಬಯಿಗೆ. ಆಗ ವಯಸ್ಸು 62. ಆ ವಯಸ್ಸಿಗೆ ಯಾರಾದರೂ ಸುಮ್ನೆ ಕೂತಾರು, ಅಲ್ವಾ? ಅವರು ಗೋವಾ ಆಕ್ಷನ್ ಕಮಿಟಿ ಕಟ್ಟಿದರು, 'ಫ್ರೀ ಗೋವಾ' ಪತ್ರಿಕೆ ನಡೆಸಿದರು.

ಧೋಬಿ ತಲಾವಿನಲ್ಲಿ ಗೋವಾದ ಒಂದೊಂದು ಊರಿನವರದ್ದು ಒಂದೊಂದು 'ಕೂಡ್' ಇದೆ. ಮುಂಬಯಿಗೆ ಬಂದ ಊರವರು ತಂಗುವ ಜಾಗ. ಸಾಲಾಗಿ ಟ್ರಂಕುಗಳು, ಗೋಡೆಯ ಮೇಲೆ ದೇವರ ಪೀಠ, ಎದುರಿಗೊಂದು ಮೇಣದಬತ್ತಿ. ಅಲ್ಲಿ ಕೂತಿದ್ದ ಒಬ್ಬ ಅಜ್ಜನಿಗೆ ಕುನ್ಹಾ ಅವರ ಬಗ್ಗೆ ಕೊಂಕಣಿಯಲ್ಲೇ ಕೇಳಿದೆ. "ಕುನ್ಹಾ ಬಾಬಾ? ಶಿವಡಿಗೆ ಹೋಗು ಪುತಾ" ಎಂದರು.

ಭಾನುವಾರ ಹೋದೆ. ಮುಂಬಯಿಯಲ್ಲೇ ಇರುವ ಶಿವಡಿಯ ಕ್ರೈಸ್ತ ಸ್ಮಶಾನದಲ್ಲಿ ಮಳೆಗೆ ಪಾಚಿ ಕಟ್ಟಿದ ಶಿಲುಬೆಗಳು, ಕಾಲಿಗೆ ಅಂಟುವ ಕೆಸರು. 1958ರ ಸೆಪ್ಟೆಂಬರ್ 26ರಂದು ತೀರಿಕೊಂಡ ಅವರನ್ನು ಇದೇ ಶಿವಡಿಯಲ್ಲಿ ಮಣ್ಣು ಮಾಡಿದ್ದರು. ಗೋವಾ ಬಿಡುಗಡೆಯಾದದ್ದು 1961ರ ಡಿಸೆಂಬರಿನಲ್ಲಿ. ಬರೀ ಮೂರು ವರ್ಷ ತಡ! ಲಿಸ್ಬನ್ನಿನ ಕಣ್ತಪ್ಪಿಸಿ ಅಷ್ಟು ದೂರದಿಂದ ಬಂದವರಿಗೆ, ಇಲ್ಲಿಂದ ಒಂದು ರಾತ್ರಿಯ ದಾರಿ ಸಿಗಲಿಲ್ಲ. ನನಗೆ ಹೊಟ್ಟೆ ಹಿಂಡಿದ ಹಾಗಾಯಿತು. ನಾನು ಟಿಕೆಟ್ ವೇಟಿಂಗ್ ಲಿಸ್ಟಿನಲ್ಲಿದೆ ಅಂತ ಗೊಣಗುವವನು.

1986ರಲ್ಲಿ ಅವರ ಅಸ್ಥಿಯನ್ನು ಪಣಜಿಯ ಆಜಾದ್ ಮೈದಾನಕ್ಕೆ ತಂದರು. ಹಾಗಾಗಿ ಈ ಸಲ ಚೌತಿಗೆ ಹೊರಟವನು ದಾರಿಯಲ್ಲಿ ಇಳಿದು ಅಲ್ಲಿಗೂ ಹೋದೆ. ಚಪ್ಪಲಿ ಬಿಟ್ಟು ಕೈ ಮುಗಿದೆ. ಪಕ್ಕದ ನೆರಳಲ್ಲಿ ಗದಗದ ಕಡೆಯ ಇಬ್ಬರು ಗಾರೆ ಕೆಲಸದವರು ರೊಟ್ಟಿ ಗಂಟು ಬಿಚ್ಚಿದ್ದರು. ನನ್ನ ಬ್ಯಾಗು ನೋಡಿ ಒಬ್ಬರು ಕೇಳಿದರು:

"ಊರಿಗೆ ಹೊಂಟೀರೇನ್ರೀ?"

ಹೌದು ಎಂದೆ.